ಜಗಲಿಯ ಕಾಡುಬಸಳೆಗೆ ಬೂದಿ ರೋಗ

ಮಕ್ಕಳೇ, ಈ ಸಲದ ಗೋಡೆ ಪತ್ರಿಕೆಗೆ ಏನು ಬರೆಯಲಿ ಅಂತ ಯೋಚಿಸುತ್ತಿದ್ದಾಗ 8ನೇ ತರಗತಿಯ ಇಬ್ಬರು ಹುಡುಗಿಯರು ಒಂದು ಎಲೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ನಮ್ಮ ವರಾಂಡದ ಕುಂಡದಲ್ಲಿರುವ ಕಾಡುಬಸಳೆಯ ಎಲೆ. ಎಲೆಯಿಂದ ಗಿಡ ಹುಟ್ಟುವುದನ್ನು ತೋರಿಸಲಿಕ್ಕೆ ಅಂತ ನಾವೇ ನೆಟ್ಟದ್ದು. ಎಲೆಯ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಬಿಳಿ. “ಸರ್, ಇದಕ್ಕೆ ಮೈಲುತುತ್ತ-ಸುಣ್ಣ ಹೊಡೆದ್ರೆ ಆಗ್ತದಾ? ನಮ್ಮನೇಲಿ ಉಳಿದದ್ದು ಇದೆ, ನಾಳೆ ಬಾಟ್ಲಿಯಲ್ಲಿ ತರ್ತೇವೆ” ಅಂದರು.

“ತರಬೇಡಿ!” ಅಂತ ನಾನು ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ. ಪಾಪ, ಇಬ್ಬರೂ ಹೆದರಿ ಹೋದರು. ಅವರದ್ದು ತಪ್ಪೇನೂ ಇರಲಿಲ್ಲ. ನಾನು ಜೋರು ಮಾಡಿದ್ದು ಯಾಕೆಂದರೆ, ಅದೇ ಕೆಲಸವನ್ನು ಹೋದ ವರ್ಷ ನಾನೇ ಮಾಡಿದ್ದೆ. ಅದೂ ನಿಮಗೆಲ್ಲ ವಿಜ್ಞಾನ ಹೇಳಿಕೊಡುವ ಮಾಸ್ತರನಾಗಿ. ಆ ಕಥೆಯನ್ನು ಇಲ್ಲಿ ಬರೆಯುತ್ತೇನೆ. ಓದಿ ನಗುವವರು ನಗಬಹುದು.

ನಮ್ಮ ಮನೆಯ ಜಗಲಿಯ ಮೇಲೆ ಆಯಿಯ ನಾಲ್ಕೈದು ಕುಂಡಗಳಿವೆ. ಲೋಳೆಸರ ಒಂದು, ಕಾಡುಬಸಳೆ ಮೂರು. ಹೋದ ವರ್ಷ ಬೇಸಿಗೆಯಲ್ಲಿ ಶಿರಸಿಗೆ ಹೋದವನು ಚಂದ ಕಂಡಿತು ಅಂತ ಕೆಂಪು ಹೂವಿನ ಒಂದು ಕಲಾಂಚೋ ಗಿಡವನ್ನೂ ತಂದು ಅವುಗಳ ಪಕ್ಕದಲ್ಲೇ ಇಟ್ಟಿದ್ದೆ. ಇವೆಲ್ಲ ದಪ್ಪ ಎಲೆಯ ಗಿಡಗಳು. ಎಲೆಯೊಳಗೆ ನೀರು ತುಂಬಿಕೊಂಡಿರುತ್ತವೆ, ಎಂಟು ದಿನ ನೀರು ಹಾಕದಿದ್ದರೂ ಸಾಯುವುದಿಲ್ಲ. ಪೇಟೆಯವರು ಸಕ್ಯುಲೆಂಟ್ ಅನ್ನುವುದು ಇವನ್ನೇ. ಕಾಡುಬಸಳೆಯೂ ಕಲಾಂಚೋ ಜಾತಿಯದ್ದೇ, ಎರಡೂ ದಾಯಾದಿಗಳು. ಹೆಸರಿನಲ್ಲಿ ಕಾಡು ಅಂತ ಇದ್ದರೂ ಅದು ನಮ್ಮ ಕಾಡಿನದ್ದಲ್ಲ. ಅದರ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಎಲೆಯ ಅಂಚಿನಲ್ಲಿ ಮರಿಗಿಡ ಹುಟ್ಟುವ ಸೋಜಿಗಕ್ಕೆ ಜರ್ಮನಿಯ ಕವಿ ಗಯಟೆ ಎಷ್ಟು ಮರುಳಾಗಿದ್ದನೆಂದರೆ ಸ್ನೇಹಿತರಿಗೆಲ್ಲ ಅದರ ಎಲೆ, ಮರಿ ಹಂಚುತ್ತಿದ್ದನಂತೆ. ನಮ್ಮಲ್ಲಿ ಅದು ಮನೆಮದ್ದು. ಮೂತ್ರದ ಕಲ್ಲಿಗೆ ಆಗ್ತದೆ ಅಂತ ಆಯಿ ಬೆಳಗ್ಗೆ ಎದ್ದವಳೇ ಒಂದು ಎಲೆ ಕಿತ್ತು, ಎರಡು ಹರಳು ಉಪ್ಪು ಇಟ್ಟು ಅಗಿಯುತ್ತಾಳೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಗಸ್ಟ್ ತಿಂಗಳು. ನಮ್ಮ ದೊಡ್ಮನೆ ಘಟ್ಟದ ಮಳೆ ನಿಮಗೆ ಗೊತ್ತೇ ಇದೆ. ಬಿಸಿಲು ಕಂಡು ಹದಿನೈದು ದಿನವಾಗಿತ್ತು. ಹೊಸ ಕಲಾಂಚೋದ ಎಲೆಯ ಮೇಲೆ ಮೊದಲು ಎರಡು ಬಿಳಿ ಬೊಟ್ಟು ಕಂಡವು. ವಾರ ಕಳೆಯುವುದರೊಳಗೆ ಆಯಿಯ ಕಾಡುಬಸಳೆಗೂ ಬಂತು. ಹಿಂದಿನ ದಿನವಷ್ಟೇ ತೋಟಕ್ಕೆ ಎರಡನೇ ಔಷಧಿ ಹೊಡೆಸಿ ಮುಗಿದಿತ್ತು. ಡ್ರಮ್ಮಿನ ತಳದಲ್ಲಿ ನೀಲಿ ಗಟ್ಟಿ ಉಳಿದಿತ್ತು. ‘ಬಿಳಿ ಬಂದಿದೆ ಎಂದರೆ ಬೂಸಲು, ಬೂಸಲಿಗೆ ಮೈಲುತುತ್ತ’ ಎಂದು ಲೆಕ್ಕ ಹಾಕಿ, ಒಂದು ಖಾಲಿ ಜ್ಯೂಸ್ ಬಾಟ್ಲಿಯಲ್ಲಿ ಅದನ್ನು ತುಂಬಿಕೊಂಡು ಬಂದು ಕುಂಡಗಳಿಗೆಲ್ಲ ಚಿಮುಕಿಸಿದೆ. ಉಳಿದರ್ಧ ಬಾಟ್ಲಿಯನ್ನು ಜಗಲಿ ಕಟ್ಟೆಯ ಮೇಲೇ ಇಟ್ಟು ಶಾಲೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಆಯಿ ಎಲೆ ಕಿತ್ತು, ಉಪ್ಪು ಇಟ್ಟು, ಬಾಯಿಯ ಹತ್ತಿರ ತಂದವಳು ಹಾಗೇ ನಿಂತಳು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಇದೆಂತದೋ ನೀಲಿ? ತೋಟದ ಔಷಧಿ ಅಲ್ದನಾ ಇದು?” ಅಂದಳು. ನಲವತ್ತು ವರ್ಷ ಮಳೆಗಾಲದಲ್ಲಿ ಅಪ್ಪಯ್ಯನ ಅಂಗಿ ಒಗೆದವಳಿಗೆ ಆ ಬಣ್ಣ ತಿಳಿಯದೇ ಇರುತ್ತದೆಯೇ? ನನಗೆ ಬಾಯೊಳಗಿನ ಪೇಸ್ಟು ಉಗುಳಲಿಕ್ಕೂ ಮರೆತು ಹೋಯಿತು. ಆಯಿ ಬೈಯಲಿಲ್ಲ. “ತಿಂಬ ಗಿಡಕ್ಕೆ ಹೊಡಿತೆ ಹೇಳಿ ಒಂದು ಮಾತು ಹೇಳಲಾಗಿತ್ತಿಲ್ಯ?” ಅಂತಷ್ಟೇ ಕೇಳಿ ಎಲೆಯನ್ನು ಅಂಗಳಕ್ಕೆ ಒಗೆದಳು. ಆವತ್ತು ಅವಳ ಕಣ್ಣು ಚುರುಕಾಗಿತ್ತು, ನಾನು ಬಚಾವು. ಅವಳಿಗೀಗ ಒಂದು ಕಣ್ಣಿಗೆ ಪೊರೆ ಬಂದಿದೆ. ಈ ವರ್ಷವಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಆಮೇಲೆ ಕಟ್ಟೆಯ ಮೇಲಿನ ಬಾಟ್ಲಿ ನೆನಪಾಯಿತು. ಪಕ್ಕದ ಮನೆಯ ಮೂರು ವರ್ಷದ ಮಾಣಿ ದಿನಾ ಅದೇ ಕಟ್ಟೆಯ ಮೇಲೆ ಆಡುವವನು. ಬಾಟ್ಲಿಯ ಮೇಲೆ ಮಾವಿನ ಹಣ್ಣಿನ ಚಿತ್ರ.

ಇಷ್ಟೆಲ್ಲ ಆಗಿ ರೋಗವಾದರೂ ಹೋಯಿತೇ ಅಂದರೆ ಅದೂ ಇಲ್ಲ. ನಾಲ್ಕು ದಿನಕ್ಕೆ ಎಲೆಗಳ ಮೇಲೆ ಕಪ್ಪು ಸುಟ್ಟ ಕಲೆ ಬಿದ್ದವು. ಹತ್ತು ದಿನಕ್ಕೆ ಹೊಸ ಚಿಗುರಿನ ಮೇಲೆ ಮತ್ತೆ ಬಿಳಿ ಬಂತು. ಆಗ ನಾನು ಪುಸ್ತಕ ಹಿಡಿದು ಕೂತೆ. ಮೊದಲೇ ಕೂರಬೇಕಿತ್ತು.

ಈಗ ಪಾಠಕ್ಕೆ ಬರೋಣ. ಬಿಳಿ ಕಂಡದ್ದೆಲ್ಲ ರೋಗವಲ್ಲ. ಬೂದುಗುಂಬಳಕಾಯಿಯ ಮೈಮೇಲಿನ ಬೂದಿ ರೋಗವೇ? ಬಾಳೆಎಲೆಯ ಹಿಂಬದಿಯನ್ನು ಬೆರಳಿನಿಂದ ತಿಕ್ಕಿ ನೋಡಿ, ಬಿಳಿ ಹುಡಿ ಬರುತ್ತದೆ. ಅದು ಮೇಣ. ಗಿಡ ತನ್ನ ನೀರು ಆರಿ ಹೋಗದ ಹಾಗೆ ತಾನೇ ಹಚ್ಚಿಕೊಂಡ ಹೊದಿಕೆ. ದಪ್ಪ ಎಲೆಯ ಎಷ್ಟೋ ಗಿಡಗಳಿಗೆ ಇಂಥ ಮೇಣ ಇರುತ್ತದೆ. ಅದು ಎಲೆಯ ತುಂಬ ಒಂದೇ ಸಮ ಇರುತ್ತದೆ, ಒರೆಸಿದರೆ ಆ ಎಲೆಯ ಮೇಲೆ ಮತ್ತೆ ಬರುವುದು ಕಷ್ಟ. ಹಾಗಾಗಿ ರೋಗ ಅಂತ ತಿಳಿದು ಮೇಣ ತಿಕ್ಕಿ ತೆಗೆದರೆ ಗಿಡದ ಅಂಗಿ ಬಿಚ್ಚಿದ ಹಾಗಾಯಿತು. ಇನ್ನೊಂದು, ಎಲೆ ಮತ್ತು ಕಾಂಡ ಸೇರುವ ಸಂದಿಯಲ್ಲಿ ಹತ್ತಿಯ ಉಂಡೆಯಂತೆ ಬಿಳಿ ಕೂತಿದ್ದರೆ, ಸುತ್ತ ಇರುವೆ ಓಡಾಡುತ್ತಿದ್ದರೆ, ಅದು ಹಿಟ್ಟು ತಿಗಣೆ. ಅದು ಕೀಟ. ಕಡ್ಡಿಯಿಂದ ಒತ್ತಿದರೆ ಅಂಟು ರಸ ಬರುತ್ತದೆ. ಅದರ ಉಪಚಾರವೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಬೂದಿ ರೋಗ ಮಾತ್ರ ಮೊದಲು ದುಂಡನೆಯ ಬೊಟ್ಟಾಗಿ ಬರುತ್ತದೆ, ಹೆಚ್ಚಾಗಿ ಎಲೆಯ ಮೇಲ್ಬದಿಯಲ್ಲಿ. ಬೊಟ್ಟು ದೊಡ್ಡದಾಗಿ ಒಂದಕ್ಕೊಂದು ಕೂಡುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ದಪ್ಪ ಎಲೆಯ ಗಿಡಗಳಲ್ಲಿ ಬಿಳಿ ಹೋದ ಮೇಲೂ ಆ ಜಾಗ ಕಂದು ಬಣ್ಣದ ಕಜ್ಜಿಯ ಹಾಗೆ ಉಳಿದುಬಿಡುತ್ತದೆ. ಆ ಕಲೆ ಯಾವ ಔಷಧಿಗೂ ಹೋಗುವುದಿಲ್ಲ. ಹೋಗಲಿಲ್ಲ ಅಂತ ಮತ್ತೆ ಮತ್ತೆ ಔಷಧಿ ಹೊಡೆಯುವವರಿದ್ದಾರೆ. ಹೊಸ ಎಲೆ ಶುದ್ಧ ಬಂದರೆ ಗಿಡ ಗುಣವಾಗಿದೆ ಅಂತಲೇ ಅರ್ಥ.

ಆ ಹುಡುಗಿಯರು ತಂದ ಎಲೆಯನ್ನು ನಾವು ಅಂದೇ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಪಾರದರ್ಶಕ ಅಂಟುಪಟ್ಟಿಯ ತುಂಡೊಂದನ್ನು ಬಿಳಿ ಬೊಟ್ಟಿನ ಮೇಲೆ ಮೆಲ್ಲಗೆ ಒತ್ತಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿಟ್ಟು ಅಂಟಿಸಿದರೆ ಆಯಿತು. ಕಂಡದ್ದೇನು? ಮಂಡಕ್ಕಿಯನ್ನು ಉದ್ದುದ್ದ ಪೋಣಿಸಿ ನಿಲ್ಲಿಸಿದ ಹಾಗೆ ಸರಗಳು. ಅವೇ ಬೂದಿ ರೋಗದ ಶಿಲೀಂಧ್ರದ ಬೀಜಕಣಗಳು. ಪಕ್ಕದಲ್ಲಿ ಅಂಟಿಸಿದ ಚಿತ್ರವನ್ನು 9ನೇ ತರಗತಿಯವರು ಅದನ್ನು ನೋಡಿಯೇ ಬಿಡಿಸಿದ್ದು. ಗಾಳಿ ಬೀಸಿದರೆ ಸರದ ತುದಿಯ ಕಣ ಕಳಚಿ ಹಾರಿ ಮುಂದಿನ ಎಲೆಗೆ ಕೂರುತ್ತದೆ. ಅಲ್ಲಿ ಮೊಳೆತು ಎಲೆಯ ಹೊರಮೈ ಮೇಲೆಯೇ ಬಲೆ ನೇಯುತ್ತದೆ. ಅಲ್ಲಲ್ಲಿ ಒಂದೊಂದು ಸಣ್ಣ ಹೀರುಬೇರನ್ನು ಎಲೆಯ ಮೇಲ್ಪದರದ ಜೀವಕೋಶದೊಳಕ್ಕೆ ಚುಚ್ಚಿ ಊಟ ಎಳೆದುಕೊಳ್ಳುತ್ತದೆ. ಹವೆ ಹಿತವಾಗಿದ್ದರೆ ಒಂದು ಕಣ ಕೂತು, ಮೊಳೆತು, ತಾನೇ ಹೊಸ ಸರ ಕಟ್ಟಲಿಕ್ಕೆ ಒಂದು ವಾರದೊಳಗೆ ಸಮಯ ಸಾಕು. ಬ್ರೆಡ್ಡಿನ ಮೇಲಿನ ಬೂಸಲಿನ ಹಾಗೆ ಸತ್ತ ವಸ್ತುವಿನ ಮೇಲೆ ಇದು ಬೆಳೆಯಲಾರದು. ಜೀವಂತ ಎಲೆಯೇ ಬೇಕು, ಅದೂ ತನಗೆ ಒಗ್ಗಿದ ಜಾತಿಯದ್ದೇ ಬೇಕು. ಹಿತ್ತಲಿನ ಸೌತೆಬಳ್ಳಿಯ ಬೂದಿ ಬಂದು ಕಾಡುಬಸಳೆಗೆ ಹತ್ತುವುದಿಲ್ಲ. ಆದರೆ ಕಲಾಂಚೋದ್ದು ಅದರ ದಾಯಾದಿ ಕಾಡುಬಸಳೆಗೆ ಸಲೀಸಾಗಿ ದಾಟಬಹುದು. ನಾನು ಶಿರಸಿಯಿಂದ ದುಡ್ಡು ಕೊಟ್ಟು ತಂದದ್ದು ಬರೀ ಹೂವನ್ನಲ್ಲ ಅಂತ ಆಗ ಅರ್ಥವಾಯಿತು. ಹೊಸ ಗಿಡ ತಂದರೆ ಎರಡು ಮೂರು ವಾರ ಬೇರೆ ಕಡೆ ಇಟ್ಟು ನೋಡಿ, ಆಮೇಲೆ ಉಳಿದವುಗಳ ಸಂಗಡ ಸೇರಿಸಿ.

ಈಗ ಮುಖ್ಯ ವಿಷಯ. ನಾವು ಅಡಿಕೆ ಬೆಳೆಯುವ ಜನ. ನಮಗೆ ರೋಗ ಅಂದರೆ ಕೊಳೆ, ಔಷಧಿ ಅಂದರೆ ಮೈಲುತುತ್ತ. ಆದರೆ ಕೊಳೆರೋಗಕ್ಕೂ ಬೂದಿ ರೋಗಕ್ಕೂ ಇರುವ ವ್ಯತ್ಯಾಸ ಮೀನಿಗೂ ಬೆಕ್ಕಿಗೂ ಇದ್ದ ಹಾಗೆ. ಕೊಳೆರೋಗ ತರುವ ಫೈಟಾಫ್ತೋರ ನೀರಿನ ಜೀವಿ. ಅದರ ಕಣಗಳಿಗೆ ಬಾಲವಿದೆ, ಎಲೆ-ಕಾಯಿಯ ಮೇಲಿನ ಮಳೆನೀರಿನಲ್ಲಿ ಈಜುತ್ತವೆ. ಇಂದಿನ ವಿಜ್ಞಾನಿಗಳು ಅದನ್ನು ಶಿಲೀಂಧ್ರಗಳ ಸಾಲಿನಲ್ಲಿ ಕೂರಿಸುವುದೂ ಇಲ್ಲ, ಪಾಚಿಗಳ ಕಡೆಯ ಸಂಬಂಧಿ ಅನ್ನುತ್ತಾರೆ. ಹಾಗಾಗಿಯೇ ಹಿಂದಿನವರು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ತಾಗದಿದ್ದರೆ ಕೊಳೆ ಇಲ್ಲ. ಬೂದಿ ರೋಗದ್ದು ಸರೀ ಉಲ್ಟಾ. ಅದರ ಕಣ ಮೊಳೆಯಲಿಕ್ಕೆ ಎಲೆಯ ಮೇಲೆ ನೀರು ಬೇಡವೇ ಬೇಡ, ಗಾಳಿಯಲ್ಲಿ ತೇವ ಇದ್ದರೆ ಸಾಕು. ಎಲೆಯ ಮೇಲೆ ನೀರು ಹರಿದರೆ ಕಣಗಳು ತೊಳೆದು ಹೋಗುತ್ತವೆ, ನೀರಿನಲ್ಲಿ ನೆನೆದ ಎಷ್ಟೋ ಕಣ ಸರಿಯಾಗಿ ಮೊಳೆಯುವುದಿಲ್ಲ. ನೆರಳು, ಗಾಳಿ ಆಡದ ಮೂಲೆ, ತೇವದ ಹವೆ, ಒಣಗಿದ ಎಲೆ. ಇಷ್ಟು ಸಿಕ್ಕರೆ ಅದಕ್ಕೆ ಹಬ್ಬ.

ಮಳೆಗಾಲದ ನಮ್ಮ ಜಗಲಿಯನ್ನು ನೆನೆಸಿಕೊಳ್ಳಿ. ಹೊರಗೆ ಧೋ ಅಂತ ಮಳೆ, ಒಳಗೆ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ತೇವ, ಆದರೆ ಕುಂಡದ ಗಿಡಕ್ಕೆ ಒಂದು ಹನಿ ತಾಗುವುದಿಲ್ಲ. ಬೂದಿ ರೋಗಕ್ಕೆ ಹೇಳಿ ಮಾಡಿಸಿದ ಜಾಗ! ಇದು ಹೊಳೆದ ಕೂಡಲೇ ನಾನು ಎದ್ದು ಹಿತ್ತಲಿಗೆ ಹೋಗಿ ನೋಡಿದೆ. ಬಚ್ಚಲ ಹಿಂದೆ ದರೆಯ ಬುಡದಲ್ಲಿ ಅದೇ ಕಾಡುಬಸಳೆ, ಆಯಿ ಎಂದೋ ಒಗೆದ ಎಲೆಯಿಂದ ಹುಟ್ಟಿದ್ದು, ಎರಡು ತಿಂಗಳಿಂದ ಮಳೆಯಲ್ಲಿ ನಿಂತಿತ್ತು. ಒಂದು ಎಲೆಯ ಮೇಲೂ ಬೂದಿ ಇರಲಿಲ್ಲ. ಜಗಲಿಯ ಮೇಲೆ ನಾವು ಮುದ್ದಿನಿಂದ ಸಾಕಿದ್ದಕ್ಕೆ ರೋಗ, ಹೊರಗೆ ಬಿಸಾಡಿದ್ದಕ್ಕೆ ಆರೋಗ್ಯ.

ಹಾಗಾದರೆ ಮೈಲುತುತ್ತ-ಸುಣ್ಣ, ಅಂದರೆ ಬೋರ್ಡೋ ದ್ರಾವಣ, ಎಲ್ಲಿಂದ ಬಂತು? ಫ್ರಾನ್ಸಿನ ಬೋರ್ಡೋ ಊರಿನ ಸುತ್ತ ದ್ರಾಕ್ಷಿ ತೋಟಗಳು. ದಾರಿಹೋಕರು ಹಣ್ಣು ಕೀಳುತ್ತಾರೆ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ನೋಡಿದರೆ ವಿಷ ಅನ್ನಿಸಬೇಕು ಅಂತ! 1882ರಲ್ಲಿ ಮಿಲಾರ್ಡೆ ಅನ್ನುವ ಪ್ರಾಧ್ಯಾಪಕರು ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಾರದ್ದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಆ ಬೂಜು ರೋಗ ನಮ್ಮ ಕೊಳೆಯ ಬಳಗದ್ದು, ನೀರು ಬೇಕಾದದ್ದು. ನಮ್ಮ ಕಡೆ ಅಡಿಕೆಯ ಕೊಳೆಯನ್ನು ಕೂತು ಅಭ್ಯಾಸ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ಬರಹ ಬಂತು. ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು ಅವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ನಿಮ್ಮಲ್ಲಿ ಅರ್ಧ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ.

ಬೂದಿ ರೋಗದ ಚರಿತ್ರೆ ಅದಕ್ಕಿಂತ ಹಳೆಯದು. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನಲ್ಲಿ ಟಕರ್ ಅನ್ನುವ ತೋಟಗಾರ ದ್ರಾಕ್ಷಿ ಬಳ್ಳಿಯ ಮೇಲೆ ಬೂದಿ ಕಂಡ. ಗಂಧಕ ಮತ್ತು ಸುಣ್ಣ ಸೇರಿಸಿ ಹಾಕಿ ತಡೆದವನೂ ಅವನೇ. ಕೆಲವೇ ವರ್ಷದಲ್ಲಿ ಅದು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗ ಅಲ್ಲಿನವರನ್ನು ಕಾಪಾಡಿದ್ದೂ ಗಂಧಕವೇ. ಅಂದರೆ ನೀರಿನ ರೋಗಕ್ಕೆ ತಾಮ್ರ, ಬೂದಿ ರೋಗಕ್ಕೆ ಗಂಧಕ ಅಂತ ನೂರು ವರ್ಷಕ್ಕೂ ಹಿಂದೆಯೇ ತಿಳಿದಿತ್ತು. ಆಗಸ್ಟಿನ ಆ ದಿನ ನನಗೆ ತಿಳಿದಿರಲಿಲ್ಲ, ಅಷ್ಟೇ.

ಎಲೆ ಯಾಕೆ ಸುಟ್ಟಿತು ಅಂತಲೂ ಕೇಳಬೇಕಲ್ಲ. ಬೋರ್ಡೋ ಸರಿಯಾಗಿದೆಯೇ ನೋಡಲಿಕ್ಕೆ ಮನೆಯಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುವುದನ್ನು ಕಂಡಿದ್ದೀರಿ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಅಂಥ ದ್ರಾವಣದಲ್ಲಿ ಬಿಡಿ ತಾಮ್ರ ಉಳಿದಿರುತ್ತದೆ, ಅದು ಎಲೆಯನ್ನು ಸುಡುತ್ತದೆ. ಬೋರ್ಡೋವನ್ನು ಮಾಡಿದ ದಿನವೇ ಹೊಡೆದು ಮುಗಿಸಬೇಕು, ಇಟ್ಟರೆ ಕೆಡುತ್ತದೆ. ನಾನು ಹೊಡೆದದ್ದು ಹಿಂದಿನ ದಿನದ ತಳದ ಗಟ್ಟಿ. ಮೇಲಾಗಿ ಬಿಸಿಲಿಲ್ಲದ ಜಗಲಿಯಲ್ಲಿ ಎಲೆ ಇಡೀ ದಿನ ಒದ್ದೆ. ಸುಡದೇ ಏನು ಮಾಡೀತು?

ಇನ್ನು ಉಪಚಾರ. ನಾನು ಮಾಡಿದ್ದನ್ನೇ ಹೇಳುತ್ತೇನೆ. ತೀರಾ ಬಿಳಿಯಾದ ಎಲೆಗಳನ್ನು ಮೊದಲು ಕಿತ್ತೆ. ಕೀಳುವಾಗ ಹುಡಿ ಹಾರದ ಹಾಗೆ ಒಂದು ಚೀಲದೊಳಗೆ ಮೆಲ್ಲಗೆ ಬಿಡಬೇಕು. ಔಷಧಿ ತಾಗಿದ ಎಲೆಗಳನ್ನು ದೂರ ಹೊಂಡ ತೆಗೆದು ಹುಗಿದೆ. ಔಷಧಿ ತಾಗದೇ ಬರೀ ರೋಗ ಬಂದ ಎಲೆಯಾದರೆ ಬಚ್ಚಲೊಲೆಗೆ ಹಾಕಬಹುದು. ಗೊಬ್ಬರಗುಂಡಿಗೆ ಬೇಡ, ರೋಗದ ಹೆದರಿಕೆಗಲ್ಲ. ಕಾಡುಬಸಳೆಯ ಎಲೆ ಬಿದ್ದಲ್ಲೆಲ್ಲ ಮೊಳೆಯುತ್ತದೆ, ಮುಂದಿನ ವರ್ಷ ತೋಟದ ತುಂಬ ಅದೇ. ಕೊಟ್ಟಿಗೆಗಂತೂ ಖಂಡಿತ ಹಾಕಬಾರದು. ಈ ಜಾತಿಯ ಗಿಡಗಳಲ್ಲಿ ಹೃದಯದ ಬಡಿತ ಕೆಡಿಸುವ ವಿಷಗಳಿವೆ. ಆಸ್ಟ್ರೇಲಿಯದಲ್ಲಿ ಇದರ ದಾಯಾದಿ ಗಿಡಗಳನ್ನು ಮೇಯ್ದು ದನಗಳು ಸತ್ತಿವೆ. (ಇದನ್ನು ಓದಿದ ಮೇಲೆ ಆಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಲೆ ತಿನ್ನುವ ವಿಷಯ ಕೇಳಿದೆ. ಅವಳು ಬಿ.ಪಿ. ಮಾತ್ರೆ ನುಂಗುವವಳು. ಬಿಡುವುದು ಒಳ್ಳೆಯದು ಅಂದರು. ಬಿಟ್ಟಿದ್ದಾಳೋ, ನಾನು ಶಾಲೆಗೆ ಬಂದ ಮೇಲೆ ತಿನ್ನುತ್ತಾಳೋ ದೇವರಿಗೇ ಗೊತ್ತು. ನಿಮ್ಮ ಮನೆಯಲ್ಲಿ ಹೃದಯದ ಮಾತ್ರೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಅಜ್ಜ-ಅಜ್ಜಿಯರು ಇದನ್ನು ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ.)

ಆಮೇಲೆ ಉಳಿದ ಎಲೆಗಳನ್ನು ತೊಳೆದೆ. ಬರೀ ನೀರು. ಬೆಳಗ್ಗೆ ಕುಂಡವನ್ನು ಅಂಗಳಕ್ಕೆ ತಂದು, ಓರೆ ಮಾಡಿ ಹಿಡಿದು, ಎಲೆಯ ಎರಡೂ ಬದಿಗೆ ನೀರು ಬಿಟ್ಟು, ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಒರೆಸುವುದು. ಓರೆ ಮಾಡುವುದು ಯಾಕೆಂದರೆ ದಪ್ಪ ಎಲೆಯ ಗಿಡದ ಬುಡದಲ್ಲಿ, ಎಲೆಯ ಸಂದಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೂದಿ ಹೋಯಿತು, ಕೊಳೆ ಬಂತು ಅಂತಾಗಬಾರದು. ಸಂಜೆ ತೊಳೆಯಬೇಡಿ, ರಾತ್ರಿಯೆಲ್ಲ ಒದ್ದೆ ಇರುತ್ತದೆ. ಮೂರು ದಿನಕ್ಕೊಮ್ಮೆ ಹೀಗೆ ಮಾಡಿದೆ. ಕುಂಡಗಳನ್ನು ಗೋಡೆಯ ಮೂಲೆಯಿಂದ ಜಗಲಿಯ ಪೂರ್ವದ ಅಂಚಿಗೆ ತಂದು, ಒಂದಕ್ಕೊಂದು ತಾಗದ ಹಾಗೆ ಗೇಣು ಗೇಣು ದೂರ ಇಟ್ಟೆ. ಅಲ್ಲಿ ಬೆಳಗಿನ ಬೆಳಕೂ ಗಾಳಿಯೂ ಇದೆ. ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಇಡಬಾರದು, ಎಲೆ ಬೇಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಬೇಕು. ಗೊಬ್ಬರ ನಿಲ್ಲಿಸಿದೆ. ರೋಗ ಬಂದ ಗಿಡಕ್ಕೆ ಶಕ್ತಿ ಬರಲಿ ಅಂತ ಸಗಣಿ ಗೊಬ್ಬರ, ಯೂರಿಯಾ ಹಾಕಿದರೆ ಮೆತ್ತನೆಯ ಎಳೆ ಚಿಗುರು ಬಂದು ರೋಗಕ್ಕೇ ಔತಣ.

ಮೂರು ಕಾಡುಬಸಳೆಯಲ್ಲಿ ಒಂದಕ್ಕೆ ಮಾತ್ರ ಹಾಲು ಹಾಕಿ ನೋಡಿದೆ. ನಗಬೇಡಿ. ಬ್ರೆಜಿಲಿನ ವ್ಯಾಗ್ನರ್ ಬೆಟ್ಟಿಯೋಲ್ ಎಂಬ ವಿಜ್ಞಾನಿ 1999ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಕುಂಬಳ ಜಾತಿಯ ಗಿಡದ ಬೂದಿ ರೋಗಕ್ಕೆ ನೀರು ಬೆರೆಸಿದ ಹಸುವಿನ ಹಾಲು ಚಿಮುಕಿಸಿದರು. ನೂರಕ್ಕೆ ಹತ್ತು ಪಾಲು ಅಥವಾ ಹೆಚ್ಚು ಹಾಲಿದ್ದಾಗ ಅದು ಅಂಗಡಿಯ ಔಷಧಿಗೆ ಸರಿಸಮನಾಗಿ ಕೆಲಸ ಮಾಡಿತು. ನಾನು ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರಿನ ಲೆಕ್ಕದಲ್ಲಿ, ತೊಳೆದು ಒಣಗಿದ ಎಲೆಗೆ, ಬೆಳಗಿನ ಬಿಸಿಲು ಬಿದ್ದ ದಿನ ನೋಡಿ, ವಾರಕ್ಕೊಮ್ಮೆ ಹಚ್ಚಿದೆ. ಬಿಸಿಲಿನಲ್ಲಿ ಹಾಲು ಚೆನ್ನಾಗಿ ಕೆಲಸ ಮಾಡುತ್ತದೆ, ಮೋಡದ ದಿನ ಕಮ್ಮಿ. ಹೆಚ್ಚು ಗಟ್ಟಿ ಮಾಡಿದರೆ ಹುಳಿ ವಾಸನೆ ಬಂದು ಎಲೆಯ ಮೇಲೆ ಕಪ್ಪು ಬೂಸಲು ಬೆಳೆಯುತ್ತದೆ. ಅದಕ್ಕೇ ಮುಂದಿನ ಸಲ ಹಚ್ಚುವ ಮೊದಲು ಹಳೆಯದನ್ನು ಒರೆಸಬೇಕು. “ಕುಡಿಯ ಹಾಲು ಗಿಡಕ್ಕೆ ಹಾಕ್ತ” ಅಂತ ಆಯಿ ಗೊಣಗಿದಳು. ಆದರೆ ತಿಂದರೂ ತೊಂದರೆ ಇಲ್ಲದ ಔಷಧಿ ಅಂತ ಅವಳಿಗೂ ಸಮಾಧಾನವಿತ್ತು. ನನ್ನ ಕುಂಡಗಳಲ್ಲಿ ಮುಕ್ಕಾಲು ಕೆಲಸ ಮಾಡಿದ್ದು ತೊಳೆದದ್ದು ಮತ್ತು ಜಾಗ ಬದಲಿಸಿದ್ದು. ಹಾಲು ಹಾಕಿದ ಗಿಡದ ಚಿಗುರು ಸ್ವಲ್ಪ ಬೇಗ ಶುದ್ಧವಾಯಿತು.

ಅಡುಗೆ ಸೋಡಾದ ಬಗ್ಗೆ ಕೇಳುವವರಿದ್ದಾರೆ. ಆಗುತ್ತದೆ, ಆದರೆ ಜಾಗ್ರತೆ. ಒಂದು ಲೀಟರ್ ನೀರಿಗೆ ಅರ್ಧ ಚಮಚೆಗಿಂತ ಹೆಚ್ಚು ಬೇಡ. ಅದರಲ್ಲಿ ಸೋಡಿಯಂ ಇದೆ. ಪದೇ ಪದೇ ಹಾಕಿದರೆ ಎಲೆಯೂ ಮಣ್ಣೂ ಕೆಡುತ್ತವೆ. ಮತ್ತೆ ಬಟ್ಟೆ ಸೋಡಾ ಬೇರೆ, ಅಡುಗೆ ಸೋಡಾ ಬೇರೆ! ಬೋರ್ಡೋಗೆ ರಾಳ ಕುದಿಸಿ ಹಾಕುವಾಗ ಬಳಸುವುದು ಬಟ್ಟೆ ಸೋಡಾ. ಅದನ್ನು ಎಲೆಗೆ ಹಾಕಿದರೆ ಮುಗಿಯಿತು. ಸೋಪಿನ ನೀರು, ಬೇವಿನ ಎಣ್ಣೆ ಇವೂ ದಪ್ಪ ಎಲೆಯ ಗಿಡಕ್ಕೆ ಅಷ್ಟು ಹಿತವಲ್ಲ. ಮೇಣ ಕಿತ್ತು ಬರುತ್ತದೆ, ಎಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಏನೇ ಹಾಕುವುದಿದ್ದರೂ ಒಂದೇ ಎಲೆಗೆ ಹಾಕಿ, ಮೂರು ದಿನ ಕಾದು ನೋಡಿ.

ಕೊನೆಗೂ ಬಗ್ಗದಿದ್ದರೆ ಗಂಧಕ. ನೀರಿನಲ್ಲಿ ಕಲಸುವ ಗಂಧಕದ ಹುಡಿ ಸಿದ್ದಾಪುರದ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಲೀಟರಿಗೆ 2 ಗ್ರಾಂ. ಆದರೆ ಇದು ದೊಡ್ಡವರ ಕೆಲಸ, ನೀವು ಮುಟ್ಟುವುದಲ್ಲ. ಕುಂಡವನ್ನು ಮನೆಯ ಹೊರಗೆ ಒಯ್ದು, ಮೂಗು ಬಾಯಿ ಕಟ್ಟಿಕೊಂಡು, ಕಣ್ಣಿಗೆ ಹಾರದ ಹಾಗೆ ಹೊಡೆಯಬೇಕು. ದಮ್ಮಿನ ತೊಂದರೆ ಇದ್ದವರು ಹತ್ತಿರ ಇರಬಾರದು. 32 ಡಿಗ್ರಿಗಿಂತ ಹೆಚ್ಚು ಸೆಕೆಯಿದ್ದರೆ ಗಿಡ ಸುಡುತ್ತದೆ. ಬೇವಿನ ಎಣ್ಣೆ ಹಾಕಿದ ಎರಡು ವಾರದೊಳಗೆ ಗಂಧಕ ಹಾಕಿದರೂ ಸುಡುತ್ತದೆ. ತಿನ್ನುವ ಎಲೆಗಂತೂ ಬೇಡ. ಇನ್ನೂ ಜೋರಿನ ಔಷಧಿಗಳಿವೆ, ಅವುಗಳ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ಹತ್ತು ರೂಪಾಯಿಯ ಗಿಡಕ್ಕೆ ಅವು ಯಾಕೆ? ಅಷ್ಟರ ಮೇಲೂ ಬೂದಿ ಹೋಗದಿದ್ದರೆ ಶುದ್ಧವಾದ ಒಂದು ಎಲೆ ಕಿತ್ತು ಹೊಸ ಮಣ್ಣಿನ ಮೇಲಿಡಿ. ಹದಿನೈದು ದಿನದಲ್ಲಿ ಅಂಚಿನಿಂದ ಮರಿ ಏಳುತ್ತದೆ. ಕಾಡುಬಸಳೆಗೆ ಇದಕ್ಕಿಂತ ದೊಡ್ಡ ಔಷಧಿ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇರುವ ಔಷಧಿ ಡಬ್ಬಿಗಳ ಮೇಲೆ ವಜ್ರಾಕಾರದ ಗುರುತು ಇರುತ್ತದೆ, ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷವಲ್ಲ ಅಂತ ಅಲ್ಲ, ಉಳಿದವುಗಳಿಗಿಂತ ಕಮ್ಮಿ ಅಂತ. ಡಬ್ಬಿ ಮುಟ್ಟದೆ ದೂರದಿಂದ ಬಣ್ಣ ನೋಡಿ ಬನ್ನಿ, ತರಗತಿಯಲ್ಲಿ ಪಟ್ಟಿ ಮಾಡೋಣ. ಜ್ಯೂಸ್, ಸೋಡಾ, ನೀರಿನ ಬಾಟ್ಲಿಯಲ್ಲಿ ಔಷಧಿ ತುಂಬಿಟ್ಟದ್ದು ಕಂಡರೆ ಅಪ್ಪಯ್ಯನಿಗೋ ಆಯಿಗೋ ಹೇಳಿ ತೆಗೆಸಿ. ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ. ಯಾರಾದರೂ ಅಕಸ್ಮಾತ್ ನುಂಗಿದರೆ ಬೆರಳು ಹಾಕಿ ವಾಂತಿ ಮಾಡಿಸಲಿಕ್ಕೆ ಹೋಗಬೇಡಿ. ಬಾಯಿ ತೊಳೆಸಿ, 108ಕ್ಕೆ ಫೋನು ಮಾಡಿ, ಔಷಧಿಯ ಡಬ್ಬಿಯನ್ನೂ ಸಂಗಡ ಒಯ್ಯಿರಿ. ಏನು ನುಂಗಿದ್ದು ಅಂತ ಡಾಕ್ಟರಿಗೆ ತಿಳಿಯಬೇಕು.

ನಮ್ಮ ಮನೆಯ ಕಲಾಂಚೋ ಉಳಿಯಲಿಲ್ಲ. ಕಾಡುಬಸಳೆ ಎರಡು ಉಳಿದಿವೆ, ಹಳೇ ಎಲೆಗಳ ಮೇಲೆ ನಾನು ಸುಟ್ಟ ಕಲೆ ಇನ್ನೂ ಇದೆ. ಆಯಿ ಈಗ ಯಾವ ಎಲೆ ಮುಟ್ಟುವ ಮೊದಲೂ “ಎಂತಾದ್ರೂ ಹೊಡದ್ಯನಾ?” ಅಂತ ಕೇಳುತ್ತಾಳೆ.

ಶಾಲೆಯ ವರಾಂಡದ ಕುಂಡಗಳನ್ನು ತೊಳೆಯುವ ಪಾಳಿ ಸೋಮವಾರ 8ನೇ ತರಗತಿ, ಗುರುವಾರ 9ನೇ ತರಗತಿ. ಬೆಳಗಿನ ಪ್ರಾರ್ಥನೆಗೆ ಮೊದಲು, ಬರೀ ನೀರಿನಿಂದ. ಮನೆಯ ಗಿಡದಲ್ಲಿ ಬಿಳಿ ಕಂಡವರು ಒಂದು ಎಲೆಯನ್ನು ಕಾಗದದಲ್ಲಿ ಸುತ್ತಿ ಶನಿವಾರ ತನ್ನಿ. ಮೇಣವೋ, ತಿಗಣೆಯೋ, ಮಂಡಕ್ಕಿ ಸರವೋ, ಕೊನೆಯ ಪಿರಿಯಡ್ಡಿನಲ್ಲಿ ಒಟ್ಟಿಗೇ ನೋಡೋಣ.